ರವಿವಾರದ ಅಪ್ಪ

ಕಬ್ಬೂರಿನ ಯಾವ ಓಣಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ವಯಸ್ಸು ನಲವತ್ತರ ಆಸುಪಾಸು, ನಾಲ್ಕೈದು ಎಕರೆ ಕಬ್ಬು, ಒಂದು ಟ್ರ್ಯಾಕ್ಟರ್, ಅದರ ಮೇಲೆ ಸಾಲ, ಎರಡು ಮಕ್ಕಳು. ವಾರದ ಆರು ದಿನ ಇವರು ಮನೆಯಲ್ಲಿದ್ದಾರೋ ಇಲ್ಲವೋ ಎಂಬುದನ್ನು ಬಾಗಿಲ ಬಳಿ ಬಿಟ್ಟ ಅಥಣಿ ಚಪ್ಪಲಿ ನೋಡಿಯೇ ತಿಳಿಯಬೇಕು. ಏಳನೆಯ ದಿನ ಮಾತ್ರ ಅಪ್ಪನಾಗುತ್ತಾರೆ, ಅದೂ ಪೂರ್ತಿ ತಯಾರಿಯಲ್ಲಿ.

ಈ ಹುಚ್ಚು ಹತ್ತಿದ್ದು ಹೊಲದಲ್ಲೇ. ನಡುರಾತ್ರಿ ತ್ರೀಫೇಸ್ ಕರೆಂಟು ಬಂತೆಂದು ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂತು ರೀಲ್ಸ್ ನೋಡುತ್ತಿದ್ದರು. ಕೋಟು ಹಾಕಿಕೊಂಡ ಯಾರೋ ಒಬ್ಬರು, ಮಕ್ಕಳಿಗೆ ಬೇಕಾದದ್ದು ನಿಮ್ಮ ರೊಕ್ಕ ಅಲ್ಲ, ನಿಮ್ಮ ಟೈಮ್ ಎಂದರು. ರೊಕ್ಕ ಬೇಡ ಎಂಬ ಭಾಗ ಇವರ ಮನಸ್ಸಿಗೆ ಬಹಳ ಹಿಡಿಸಿತು. ಕಬ್ಬಿನ ಬಿಲ್ಲು ಇನ್ನೂ ಬಂದಿರಲಿಲ್ಲ.

ಮರುದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು: "ಇನ್ನ ಮ್ಯಾಲ ರವಿವಾರ ಅಂದ್ರ ಫ್ಯಾಮಿಲಿ ಟೈಮ್. ಯಾರೂ ಎಲ್ಲೂ ಹೋಗೂ ಹಂಗಿಲ್ಲ."

"ನಾವೆಲ್ಲಿ ಹೋಗಾಕತ್ತೇವ್ರಿ? ಹೋಗಾವ್ರು ನೀವ," ಎಂದಳು ಹೆಂಡತಿ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

ಮೊದಲ ಸವಾರಿ ಗೋಕಾಕ ಫಾಲ್ಸಿಗೆ. ಬೆಳಗಿನ ನಾಲ್ಕಕ್ಕೇ ಎದ್ದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿದ್ದು ಹೆಂಡತಿ. "ಅವ್ರಿಗೆ ಫ್ಯಾಮಿಲಿ ಟೈಮ್, ನನಗ ಬುತ್ತಿ ಕಟ್ಟೂ ಟೈಮ್" ಎಂದು ಆಕೆ ಅತ್ತೆಯ ಮುಂದೆ ಹೇಳಿದ್ದು ಓಣಿಗೆಲ್ಲ ಗೊತ್ತು. ಶ್ರಾವಣದ ದಿನ, ಘಟಪ್ರಭೆ ಕೆಂಪಗೆ ತುಂಬಿ 170 ಅಡಿ ಕೆಳಗೆ ಬೀಳುತ್ತಿದ್ದಳು. ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಪಾಠ ಶುರು. ಈ ನೀರಿನಿಂದ ಬ್ರಿಟಿಷರ ಕಾಲದಲ್ಲೇ ಕರೆಂಟು ತೆಗೆದು ಹತ್ತಿಯ ಮಿಲ್ಲು ನಡೆಸಿದರು, ಗೊತ್ತೇನು? "ಅವತ್ತ ಬ್ರಿಟಿಷರಿಗೆ ಹಗಲೂ ಕರೆಂಟ್ ಇತ್ತು, ನಮಗ ಇವತ್ತೂ ರಾತ್ರಿನ ಕೊಡ್ತಾರ!" ಅಷ್ಟರಲ್ಲಿ ಪಕ್ಕದಲ್ಲಿದ್ದ ರಾಯಬಾಗ ಕಡೆಯವರೊಬ್ಬರು ಹೌದ್ರಿ ಎಂದರು. ಮುಗಿಯಿತು. ಕರೆಂಟಿನಿಂದ ಕಬ್ಬಿಗೆ, ಕಬ್ಬಿನಿಂದ ರೇಟಿಗೆ ಮಾತು ಇಳಿಯಿತು. ಮಕ್ಕಳು ಕರದಂಟು ತಿಂದು, ತೂಗುಸೇತುವೆ ನೋಡಿ, ನಿದ್ದೆಗಣ್ಣಿನಲ್ಲಿ ಬಂದು ಅಂಗಿ ಜಗ್ಗುವವರೆಗೆ ಮಾತು ರೇಟಿನಲ್ಲೇ ಇತ್ತು. ಫೋಟೊ ಮಾತ್ರ ನಾಲ್ವರದೂ ಇದೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ.

ಮುಂದಿನ ರವಿವಾರ ಅಭ್ಯಾಸ ಮಾಡಿಸುವ ಪಾಳಿ. ಮಗನನ್ನು ಕೂಡಿಸಿಕೊಂಡು ಕೇಳಿದರು: "ನಮ್ಮ ಟ್ರಾಲಿಯಾಗ 12 ಟನ್ ಕಬ್ಬು ಹೇರಿದ್ವಿ. ಕಾರ್ಖಾನಿ ಕಾಟಾದಾಗ ಎಷ್ಟ ಬರತೈತಿ?"

"12 ಟನ್ ಅಪ್ಪಾ."

"ತಪ್ಪು."

ಶಾಲೆಯ ಸರ್ ಇದನ್ನು ಕೇಳಿ ಗಣಿತವನ್ನು ದಯವಿಟ್ಟು ತಮಗೇ ಬಿಡಬೇಕೆಂದು ಹೇಳಿ ಕಳಿಸಿದರಂತೆ.

2025ರ ನವೆಂಬರಿನಲ್ಲಿ ಒಂದು ವಿಚಿತ್ರ ನಡೆಯಿತು. ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಯ ಮೇಲೆ ಕೂತಿದ್ದರಲ್ಲ, ಇವರೂ ಹೊರಟರು. ಮಕ್ಕಳು ಬೆನ್ನು ಹತ್ತಿದವು. ರವಿವಾರವೂ ಅಲ್ಲ, ಫ್ಯಾಮಿಲಿ ಟೈಮಿನ ನೆನಪೂ ಇಲ್ಲ. ಊಟದ ಪಂಕ್ತಿಯಲ್ಲಿ ಅಪ್ಪ-ಮಕ್ಕಳು ಒಂದೇ ತಾಟಿನಲ್ಲಿ ಉಂಡರು, ಒಂದೇ ಕಂಬಳಿ ಹೊದ್ದು ಕೂತರು. ಸಣ್ಣವಳು ಅಪ್ಪನ ಹೆಗಲೇರಿ ಭಾಷಣ ಕೇಳಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಯಾರೂ ಫೋಟೊ ತೆಗೆಯಲಿಲ್ಲ. ಮೊಬೈಲಿನ ಬ್ಯಾಟರಿ ಮುಗಿದಿತ್ತು. ಕೊನೆಗೆ 3,300ಕ್ಕೆ ತೀರ್ಮಾನವಾಗಿ ದೊಡ್ಡವರು ಲೆಕ್ಕ ಹಾಕುತ್ತ ಎದ್ದಾಗ, ಮಕ್ಕಳು ಕೇಳಿದ್ದು ಒಂದೇ: "ಅಪ್ಪಾ, ಮತ್ತ ಯಾವಾಗ ಸ್ಟ್ರೈಕ್?"

ಅದಾದ ಮೇಲೆ ಕಬ್ಬು ಕಡಿಯುವ ಹಂಗಾಮು. ಬೀಡ ಜಿಲ್ಲೆಯ ಟೋಳಿ ಇವರ ಹೊಲಕ್ಕೂ ಬಂತು. ಗಂಡ ಕಡಿಯುತ್ತಾನೆ, ಹೆಂಡತಿ ಹೊರೆ ಕಟ್ಟುತ್ತಾಳೆ, ಕೂಸು ರವದಿಯ ಮೇಲೆ ಮಲಗಿರುತ್ತದೆ, ಶಾಲೆಗೆ ಹೋಗಬೇಕಾದ ಹುಡುಗಿ ಅದನ್ನು ಕಾಯುತ್ತಾಳೆ. ದಿನವಿಡೀ ಅಪ್ಪ-ಅವ್ವನ ಕಣ್ಣೆದುರಿಗೇ ಇರುವ ಈ ಮಕ್ಕಳ ಬಗ್ಗೆ ಕೋಟಿನವರ ರೀಲ್ಸಿನಲ್ಲಿ ಏನೂ ಬರುವುದಿಲ್ಲ. ನಮ್ಮವರೂ ಅದನ್ನು ಕೇಳುವಷ್ಟು ಪುರಸೊತ್ತಿನವರಲ್ಲ. ಡಿಸೆಂಬರಿನ ರವಿವಾರಗಳೆಲ್ಲ ಕಾರ್ಖಾನೆಯ ಗೇಟಿನ ಮುಂದೆ, ಟ್ರ್ಯಾಕ್ಟರಿನ ಸಾಲಿನಲ್ಲಿ ಕಳೆದವು. ಅಲ್ಲಿಂದಲೇ ವಿಡಿಯೊ ಕಾಲ್ ಮಾಡಿ, "ಏನ್ ಮಾಡಾಕತ್ತೀರಿ? ಎಲ್ಲಾರೂ ಕೂಡಿ ಕೂತೀರಿಲ್ಲ?" ಎಂದು ತಪಾಸಣೆ ನಡೆಸುತ್ತಿದ್ದರು.

ಈಗ ಭರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಸಕುಟುಂಬ ಹೋಗುವುದೆಂದು ಗೊತ್ತಾಗಿದೆ. ಹೊರಡುವ ಸಮಯ, ಉಣ್ಣುವ ಸಮಯ, ಮಕ್ಕಳು ನಗುವ ಸಮಯ ಎಲ್ಲ ಕಾಗದದ ಮೇಲಿದೆ.

ಕಬ್ಬೂರ ಕಡೆ ಬಂದವರು ಇವರ ಮನೆಗೆ ವಾರದ ನಡುವೆ ಯಾವತ್ತಾದರೂ ಹೋಗಿ, ಒಳ್ಳೆಯ ಚಹಾ ಸಿಗುತ್ತದೆ. ರವಿವಾರ ಮಾತ್ರ ಬೇಡ. ಹೋದಿರೋ, ನಿಮ್ಮನ್ನು ಕೂಡಿಸಿಕೊಂಡು ಸಂಜೆಯವರೆಗೂ ಕಬ್ಬಿನ ರೇಟು ಹೇಳುತ್ತಾರೆ. ಮಕ್ಕಳೇನೋ ನಿಮ್ಮ ಉಪಕಾರ ನೆನೆದು ಆಡಲು ಓಡುತ್ತಾರೆ.