ಮಣ್ಣೆತ್ತು ಮತ್ತು ಮಲಿಕ್-ಎ-ಮೈದಾನ್: ಕಿರುತೋಪು ಮೀಮಾಂಸೆ

ಕಿರುತೋಪುಶಾಸ್ತ್ರವೆಂದರೆ ಹಳೆಯ ಯುದ್ಧಯಂತ್ರಗಳನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ, ಬಣ್ಣ ಹಚ್ಚಿ, ಪೀಠದ ಮೇಲೆ ಕೂರಿಸಿ, ಊಟದ ಹೊತ್ತಿನೊಳಗೆ ಒಂದೆರಡು ಸಾಮ್ರಾಜ್ಯಗಳನ್ನು ಉರುಳಿಸುವ ವಿದ್ಯೆ. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು ಇಂಥ ಆಟಕ್ಕೆ ನಿಯಮಗಳನ್ನು ಹಾಕಿಕೊಟ್ಟ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಕ್ಕಳಾದರೋ ವೆಲ್ಸನ ಹಂಗಿಲ್ಲದೆ, ಪ್ರತಿವರ್ಷ ಮಣ್ಣೆತ್ತಿನ ಅಮಾವಾಸ್ಯೆಯಂದು ಈ ಶಾಸ್ತ್ರದ ಮುಕ್ಕಾಲು ಪಾಲನ್ನು ಮಾಡಿ ಮುಗಿಸುತ್ತಾರೆ. ಪಂಡಿತರು ಇದನ್ನು ಹಬ್ಬವೆಂದು ಬಗೆದು ಹೋಳಿಗೆ ತಿಂದು ಮಲಗಿದ್ದರಿಂದ ವಿಷಯ ಚರ್ಚೆಗೆ ಬಂದಿಲ್ಲ.

ಮುಕ್ಕಾಲು ಪಾಲು ಎಂಬುದಕ್ಕೆ ಆಧಾರ ವಿಜಯಪುರದ ಮಲಿಕ್-ಎ-ಮೈದಾನ್. 1549ರಲ್ಲಿ ಅಹ್ಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದ ಈ ತೋಪಿನ ಉದ್ದ ಸುಮಾರು 4.4 ಮೀಟರ್, ತೂಕ ಸುಮಾರು 55 ಟನ್. 1632ರಲ್ಲಿ ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ಎಳೆದು ತರಲು 400 ಎತ್ತು, 10 ಆನೆ, ನೂರಾರು ಆಳುಗಳು ಬೇಕಾದವೆಂದು ಪ್ರತೀತಿ. ಅಂದಮೇಲೆ ಈ ಯಂತ್ರದಲ್ಲಿ ಲೋಹದ ಭಾಗ ಒಂದು, ಬಾಲವಿರುವ ಭಾಗಗಳು 410. ತೋಪನ್ನಷ್ಟೇ ಮಾಡಿ ಕಪಾಟಿನಲ್ಲಿಡುವವನು ಬಿಡಿಭಾಗವೊಂದನ್ನು ಮಾಡಿದ್ದಾನೆಯೇ ಹೊರತು ಯಂತ್ರವನ್ನಲ್ಲ.

ಇನ್ನು ಪ್ರಮಾಣ ವಿಚಾರ. ಹೊರದೇಶದ ಹವ್ಯಾಸಿಗಳಿಗೆ 1:72 ಪ್ರಿಯ. ಅದರಲ್ಲಿ ಮಲಿಕ್-ಎ-ಮೈದಾನ್ 6 ಸೆಂಟಿಮೀಟರಿಗೆ ಇಳಿದು, ಕಸ ಹೊಡೆಯುವಾಗ ಮಂಚದ ಕೆಳಗೆ ಸೇರಿಬಿಡುತ್ತದೆ. ಮಣ್ಣೆತ್ತಿನ ವಾಡಿಕೆಯ ಉದ್ದ ಅರ್ಧ ಗೇಣು. ಇದನ್ನು ಜೀವಂತ ಎತ್ತಿನ ಉದ್ದದೊಡನೆ ಹೋಲಿಸಿದರೆ ದೇಶೀಯ ಪ್ರಮಾಣ ಸುಮಾರು 1:20 ಎಂದು ಸಿದ್ಧವಾಗುತ್ತದೆ. ಇದರಂತೆ ತೋಪು 22 ಸೆಂಟಿಮೀಟರ್. ತೂಕವನ್ನು ಮಾತ್ರ ಇಪ್ಪತ್ತರಿಂದ ಭಾಗಿಸಿ ಹೆದರಬೇಕಿಲ್ಲ. ಅದು ಘನದ ಲೆಕ್ಕದಲ್ಲಿ, ಎಂಟು ಸಾವಿರದಿಂದ ಭಾಗಿಸುವಂಥದ್ದು. ಕಂಚಿನಲ್ಲಾದರೆ 7 ಕಿಲೋ, ಮಣ್ಣಿನಲ್ಲಾದರೆ ಅದರ ಕಾಲು ಭಾಗಕ್ಕೂ ಕಡಿಮೆ. ಜೋಡಿಗೆ 3 ಮೀಟರ್ ಜಾಗ ಬಿಟ್ಟರೆ 200 ಜೋಡಿಯ ಸಾಲು ಅಸಲಿನಲ್ಲಿ 600 ಮೀಟರ್, ಕಿರಿದಾದಾಗ 30 ಮೀಟರ್. ಇಷ್ಟುದ್ದದ ಮೇಜನ್ನು ಯಾವ ಬಡಗಿಯೂ ಒಪ್ಪಿಕೊಳ್ಳುವುದಿಲ್ಲವಾದ್ದರಿಂದ ಯುದ್ಧ ಓಣಿಯಲ್ಲೇ ನಡೆಯಬೇಕು. ಮನೆಗೊಂದು ಜೋಡಿಯಂತೆ 200 ಮನೆಯ ಊರೊಂದು ಒಂದೇ ಸಂಜೆಯಲ್ಲಿ ಆದಿಲಶಾಹಿಯ ಈ ಇಡೀ ಎತ್ತಿನ ದಳವನ್ನು ಸಜ್ಜುಗೊಳಿಸಬಲ್ಲದು. ಯಾವ ಕಾರ್ಖಾನೆಗೂ ಈ ವೇಗವಿಲ್ಲ. ಕಣ್ಣಿಗೆ ಗುಲಗಂಜಿ ಒತ್ತುವ ರೂಢಿಯಿಂದ ಎತ್ತಿನ ಕಣ್ಣು ಅಸಲು ಅಳತೆಯಲ್ಲಿ ಅಂಗೈಯಗಲವಾಗುತ್ತದೆ ಎಂಬ ಆಕ್ಷೇಪ ಉಂಟು. 55 ಟನ್ ಎಳೆಯುವ ಎತ್ತಿನ ಕಣ್ಣು ಅಷ್ಟಗಲ ಅರಳುವುದು ಸಹಜವೆಂದು ಸಮಾಧಾನ.

ವರ್ಣವಿಧಿ ತೋಪಿನಿಂದ ಶುರುವಾಗುತ್ತದೆ. ಮೊದಲು ಕಪ್ಪು ಪೂಸಿ, ಒಣಗಿದ ಮೇಲೆ ಕಂಚಿನ ಬಣ್ಣದ ಬ್ರಶ್ಶನ್ನು ಬಟ್ಟೆಗೆ ಒರೆಸಿ ಉಬ್ಬುಗಳ ಮೇಲಷ್ಟೇ ಸವರಿ, ಕೊನೆಗೆ ನೀರಾದ ಹಸಿರನ್ನು ಸಂದುಗಳಿಗೆ ಇಳಿಬಿಡಬೇಕು. ಕಪ್ಪಿಗೆ ರೊಟ್ಟಿ ಹಂಚಿನ ಮಸಿ ಸಾಕು. ಸಂಜೆಯ ರೊಟ್ಟಿಯಾಗುವ ಮೊದಲೇ ಹಂಚನ್ನು ಜಾಗಕ್ಕೆ ಸೇರಿಸುವುದು ಕ್ಷೇಮ. ತೋಪಿನ ಬಾಯಿ ಸಿಂಹದ ಮುಖದ್ದು, ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. ಬಾಯೊಳಗಿನ ಆನೆಯನ್ನು ಎಳೆಯುವ ಆನೆಗಳ ಲೆಕ್ಕಕ್ಕೆ ಸೇರಿಸುವುದು ಶಾಸ್ತ್ರಸಮ್ಮತವಲ್ಲ. ಎತ್ತುಗಳ ವರ್ಣವಿಧಿಗೆ ಹದಿನೈದು ದಿನ ಮೊದಲಿನ ಕಾರಹುಣ್ಣಿಮೆಯೇ ಪೂರ್ವಾಭ್ಯಾಸ: ಅಂದು ಜೀವಂತ ಎತ್ತಿನ ಕೊಂಬಿಗೆ 1:1 ಪ್ರಮಾಣದಲ್ಲಿ ಬಣ್ಣ ಬಳಿಯುತ್ತಾರೆ, ಮಾದರಿ ಒದೆಯುತ್ತದೆ.

ಪೀಠದ ವಿಷಯದಲ್ಲಿ ಅಂಗಡಿಯ ಹಸಿರು ಹುಲ್ಲು ತ್ಯಾಜ್ಯ. ಅದು ವಾಟರ್ಲೂವಿನದು, ಬೇಸಿಗೆಯ ಭೀಮಾತೀರದಲ್ಲಿ ಅಂಥ ಹುಲ್ಲು ಕಂಡರೆ 400 ಎತ್ತುಗಳೂ ತೋಪನ್ನು ಬಿಟ್ಟು ಅತ್ತ ತಿರುಗುತ್ತವೆ. ಇಲ್ಲಿಯ ನೆಲ ಎರೆ. ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ತೆಳುವಾಗಿ ಬಳಿದ ಎರೆಯಲ್ಲಿ ಒಂದು ಮಿಲಿಮೀಟರ್ ಬಿರುಕು ಬಿಟ್ಟರೆ ಅಸಲಿನಲ್ಲಿ ಅದು 2 ಸೆಂಟಿಮೀಟರ್. ಯಾರ ಕೈಚಳಕವೂ ಇಲ್ಲದೆ ಬೇಸಿಗೆಯ ಹೊಲವೇ ಮೂಡುತ್ತದೆ. ತೊಡಕೆಂದರೆ, ಕುಗ್ಗುವ ಮಣ್ಣು ರಟ್ಟಿನ ಪೀಠವನ್ನೂ ಸೊಟ್ಟ ಮಾಡಿ ತೋಪಿನ ಗುರಿಯನ್ನು ಸ್ವಪಕ್ಷದ ಕಡೆಗೆ ತಿರುಗಿಸುತ್ತದೆ. ಎರೆಗೆ ಫೆವಿಕಾಲ್ ಮತ್ತು ಮರಳು ಕಲಸಿ ಹಲಗೆಯ ಮೇಲೆ ಬಳಿದರೆ ಈ ದ್ರೋಹ ನಿಲ್ಲುತ್ತದೆ. ಭೀಮೆಯ ಮರಳು ಉತ್ತಮ. ಒಂದು ಚಮಚೆ ಸಾಕು, ಟ್ರ್ಯಾಕ್ಟರ್ ತರುವ ಅಗತ್ಯವಿಲ್ಲ. ಕಸಬರಿಗೆ ಕಡ್ಡಿಯ ಚೂರುಗಳನ್ನು ಸಾಲಾಗಿ ನೆಟ್ಟರೆ ಜೋಳದ ಕೂಳೆ ಸಿದ್ಧ. ಮಳೆಗಾಲದ ಪೀಠದಲ್ಲಿ ಗಾಲಿಗಳನ್ನು ಅಚ್ಚಿನ ತನಕ ಹೂಳಬೇಕು. ಆಗ ಯುದ್ಧವೇ ನಡೆಯುವುದಿಲ್ಲ. ಚರಿತ್ರೆಗೆ ನಿಷ್ಠವಾದ ಪೀಠವೆಂದರೆ ಇದೇ.

ಪೂಜೆಯ ನಂತರ ಮಣ್ಣೆತ್ತುಗಳನ್ನು ನೀರಿಗೆ ಬಿಡುವ ವಾಡಿಕೆಯಿರುವಲ್ಲಿ ದಳ ವರ್ಷಕ್ಕೊಮ್ಮೆ ವಿಸರ್ಜನೆಯಾಗುತ್ತದೆ, ಸಂಬಳ ಬಾಕಿಯ ತಕರಾರು ಹುಟ್ಟುವುದಿಲ್ಲ. ತೋಪನ್ನು ಜತೆಗೆ ಬಿಡಕೂಡದು. ಅಸಲಿ ತೋಪನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಇಂದು ಆ ದುಡ್ಡಿಗೆ ಒಳ್ಳೆಯ ಬ್ರಶ್ ಕೂಡ ಬಾರದು. ಹರಾಜು ರದ್ದಾಯಿತು. ತೋಪು ಈಗಲೂ ವಿಜಯಪುರದ ಶೇರ್ಜಾ ಬುರುಜಿನ ಮೇಲಿದೆ; ಮೇಲಿನ ಅಳತೆಗಳನ್ನು ನಂಬದವರು ಟೇಪು ಹಿಡಿದು ಅಲ್ಲಿಗೇ ಹೋಗತಕ್ಕದ್ದು.