ಬ್ರೇಕ ಒಂದ ಏನ್ರಿ?

ನಮ್ಮ ಊರು ನೂಲದಿಂದ ಡ್ರೈವಿಂಗ್ ಸ್ಕೂಲಿಗೆ ಹೋಗುವವರಲ್ಲಿ ಏನೂ ಬಾರದವರು ಅಂತ ಯಾರೂ ಇರುವುದಿಲ್ಲ. ಒಬ್ಬ ಟ್ರ್ಯಾಕ್ಟರ್ ಹೊಡೆದು ಹಣ್ಣಾಗಿರುತ್ತಾನೆ, ಒಬ್ಬ ಎಂ-ಎಯ್ಟಿ ಬೈಕಿಗೆ ಹಾಲಿನ ಕ್ಯಾನು ಕಟ್ಟಿ ಹತ್ತೂರು ತಿರುಗಿರುತ್ತಾನೆ, ಇನ್ನೊಬ್ಬ ಚಕ್ಕಡಿಯ ಮೂಕಿ ಮೇಲೆ ಕೂತೇ ಮೀಸೆ ಬೆಳೆಸಿರುತ್ತಾನೆ. ಹಾಗಾಗಿ ಸ್ಕೂಲಿನ ಸರ್‌ಗೆ ಕಲಿಸುವ ಕೆಲಸ ಕಡಿಮೆ, ಮರೆಸುವ ಕೆಲಸವೇ ಜಾಸ್ತಿ. ಫೀ ಮಾತ್ರ ಕಲಿಸುವುದಕ್ಕೆ ಅಂತ ತೆಗೆದುಕೊಳ್ಳುತ್ತಾರೆ.

ನಾನು ಎಂ-ಎಯ್ಟಿ ಪೈಕಿ. ಪುಣೆಯ ಮಗ ಹೊಸ ಕಾರು ಕೊಂಡು ಹಳೆಯದನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ ಹೋದ. ಅದರ ಬಾನೆಟ್ಟಿನ ಮೇಲೆ ಮನೆಯವಳು ಸಂಕೇಶ್ವರಿ ಮೆಣಸಿನಕಾಯಿ ಒಣಹಾಕಿದ ದಿನವೇ ನಾನು ಗಡಹಿಂಗ್ಲಜಕ್ಕೆ ಹೋಗಿ ಹೆಸರು ಹಚ್ಚಿ ಬಂದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರು ಕಲಿಸುವುದೆಂದರೆ ಕನಿಷ್ಠ 21 ದಿನ. ಅದರಲ್ಲಿ ಸ್ಟೇರಿಂಗ್ ಹಿಡಿದದ್ದೇ ಕನಿಷ್ಠ 10 ತಾಸು ಆಗಬೇಕು. ಹಿಂದಿನ ಸೀಟಿನಲ್ಲಿ ಕೂತ ತಾಸುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಅನ್ಯಾಯ. ಒಂದು ಕಾರಿನಲ್ಲಿ ನಾಲ್ಕು ಮಂದಿ ಕಲಿಯುವಾಗ ಮೂವರು ಹಿಂದೆ ಕೂತೇ ಕಲಿಯಬೇಕು, ಮತ್ತು ಮುಂದಿನವನ ತಪ್ಪು ಹಿಂದಿನವನಿಗೆ ಕಂಡಷ್ಟು ಚೊಕ್ಕವಾಗಿ ಸರ್‌ಗೂ ಕಾಣುವುದಿಲ್ಲ.

ನಮ್ಮ ತಂಡದ ಹಿರಿಯ ಮಾಮಾ. ಊರಿಗೆಲ್ಲ ಮಾಮಾನೇ. ಹಂಗಾಮು ಶುರುವಾದರೆ ಎರಡು ಟ್ರಾಲಿ ಕಬ್ಬು ಎಳೆದುಕೊಂಡು ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೆ ರಾತ್ರಿಯೆಲ್ಲ ಖೇಪು ಹಾಕುವ ಮನುಷ್ಯ. ಲೈಸನ್ಸ್ ಎಂಬುದು ಕಾರಿನ ಮಂದಿಯ ಶೋಕಿ ಎಂದೇ ಅವರ ತಿಳಿವಳಿಕೆ. ವಿಮೆಯವರು ಕಾಗದ ಕೇಳಿದಾಗ ಮಗ ಹಿಡಿದು ತಂದು ಸ್ಕೂಲಿಗೆ ಹಾಕಿದ.

"ಟ್ರ್ಯಾಕ್ಟರಿಗೆ ಕಾರ ಯಾಕ ಕಲೀಬೇಕ್ರಿ ಸರ?" ಅಂದರು.

"ಕಾಯ್ದೆದಾಗ ಎರಡೂ ಒಂದ ಜಾತಿ, ಮಾಮಾ."

ಸರ್ ಹೇಳಿದ್ದು ಖರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬರಿದಾಗಿದ್ದಾಗ 7,500 ಕಿಲೋ ಮೀರದ ಟ್ರ್ಯಾಕ್ಟರ್ ಸಹ ಹಗುರ ವಾಹನ. ಅಷ್ಟೇ ಅಲ್ಲ, ಆ ತೂಕದೊಳಗಿನ ರೋಡ್ ರೋಲರ್ ಕೂಡ ಹಗುರವೇ! ದಿಲ್ಲಿಯಲ್ಲಿ ಕೂತು ಇದನ್ನು ಬರೆದವರ ಕಾಲಿನ ಮೇಲೆ ರೋಡ್ ರೋಲರ್ ಹಾದಿರಲಿಕ್ಕಿಲ್ಲ.

ಮೊದಲ ದಿನ ಮಾಮಾ ಸೀಟಿನಲ್ಲಿ ಕೂತು ಬಗ್ಗಿ ಕಾಲಬುಡವನ್ನು ಬಹಳ ಹೊತ್ತು ನೋಡಿದರು.

"ಬ್ರೇಕ ಒಂದ ಏನ್ರಿ?"

"ಒಂದ."

"ಹಂಗಾರ ಹೊಳ್ಸೂದು ಹ್ಯಾಂಗ?"

ಟ್ರ್ಯಾಕ್ಟರಿನ ಸಂಗತಿ ಗೊತ್ತಿಲ್ಲದವರಿಗೆ ಇದು ಹುಚ್ಚು ಪ್ರಶ್ನೆ ಅನ್ನಿಸಬಹುದು. ಟ್ರ್ಯಾಕ್ಟರಿಗೆ ಬಲಗಾಲಿನ ಬಳಿ ಬ್ರೇಕು ಎರಡು, ಹಿಂದಿನ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ನೇಗಿಲ ಸಾಲು ಮುಗಿದ ಕಡೆ ಒಂದನ್ನಷ್ಟೇ ಒತ್ತಿದರೆ ಅಷ್ಟು ದೊಡ್ಡ ಯಂತ್ರ ನಿಂತಲ್ಲೇ ಗಿರಕ್ಕನೆ ಹೊರಳುತ್ತದೆ. ರಸ್ತೆಗೆ ಬಂದಾಗ ಎರಡಕ್ಕೂ ಕೊಂಡಿ ಹಾಕಿ ಜೋಡಿಸಿಕೊಳ್ಳಬೇಕು. ಹೊಲದಲ್ಲಿ ಜನ್ಮ ಕಳೆದವರಿಗೆ ಸ್ಟೇರಿಂಗ್ ಬರೀ ಸೂಚನೆ, ಹೊರಳಿಸುವುದು ಕಾಲು. ಮಾಮಾ ಮೊದಲ ತಿರುವಿನಲ್ಲೇ ರೂಢಿಯಂತೆ ಬ್ರೇಕು ತುಳಿದರು. ಹಿಂದಿನ ಮೂವರೂ ಮುಂದಿನ ಸೀಟಿನ ಬೆನ್ನಿಗೆ ಹಣೆ ಹಚ್ಚಿ ನಮಸ್ಕರಿಸಿದೆವು.

ನಮ್ಮ ಸರ್‌ಗೆ ಸಮಾಧಾನದಲ್ಲಿದ್ದಾಗ ಕನ್ನಡ, ಗಾಬರಿಯಾದಾಗ ಮರಾಠಿ. "ಥಾಂಬಾ ಥಾಂಬಾ!" ಎಂದು ಕೂಗುವುದರೊಳಗೆ ಕಾರು ಗಕ್ಕನೆ ನಿಂತಿರುತ್ತಿತ್ತು. ಸ್ಕೂಲಿನ ಕಾರಿಗೆ ಕಲಿಸುವವನ ಕಡೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವಲ್ಲ. ಅದು ಮಾಮಾನ ಕಣ್ಣಿಗೆ ಬಿದ್ದದ್ದು ಸ್ವಲ್ಪ ತಡವಾಗಿ. ಕಾರು ನಿಲ್ಲಿಸಿ, ಸರ್ ಕಾಲಬುಡಕ್ಕೆ ಬೆರಳು ಮಾಡಿ, ಕಳವು ಹಿಡಿದವರ ದನಿಯಲ್ಲಿ ಅಂದರು: "ಐತಲ್ರಿ ಎರಡನೇ ಬ್ರೇಕ! ನೀವ ಇಟ್ಕೊಂಡು ಕುಂತೀರಿ!"

ನನ್ನ ರೋಗ ಬೇರೆ. ಎಂ-ಎಯ್ಟಿಗೆ ಗೇರು, ಕ್ಲಚ್ಚು ಎರಡೂ ಎಡಗೈಯ ಹಿಡಿಯಲ್ಲೇ. ಕಾರಿನ ಗೇರಿನ ಗುಂಡಿಯ ಮೇಲೆ ಕೈ ಇಟ್ಟ ಕೂಡಲೇ ಬೆರಳು ತಾವಾಗಿಯೇ ಮುಷ್ಟಿ ಕಟ್ಟಿ ಕ್ಲಚ್ಚು ಹಿಂಡುತ್ತಿದ್ದವು. "ಕಾಕಾ, ಅದನ್ನ ಹಿಂಡಿದ್ರ ಹಾಲು ಬರೂದಿಲ್ಲ, ಕಾಲು ಒತ್ರಿ" ಎಂದು ಸರ್ ಹೇಳಿ ಹೇಳಿ ಸೋತರು.

ಎಲ್ಲರಿಗಿಂತ ಮೊದಲು ಕಲಿತದ್ದು ನಮ್ಮ ತಂಡದಲ್ಲಿದ್ದ ಸ್ಕೂಟಿ ಹೊಡೆಯುವ ಹುಡುಗಿ. ಪುಣೆಯಲ್ಲಿ ನೌಕರಿ ಗಟ್ಟಿಯಾಗಿತ್ತು, ಹೊರಡುವುದರೊಳಗೆ ಕಲಿಯಬೇಕಿತ್ತು. ಸ್ಕೂಟಿಯಲ್ಲಿ ಬ್ರೇಕು ಎರಡೂ ಕೈಯಲ್ಲಿ, ಕಾಲಿಗೆ ಕೆಲಸವೇ ಇಲ್ಲ. ಅವಳ ಕಾಲುಗಳಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ, ಹೇಳಿದಂತೆ ಕೇಳಿದವು. ಅವಳನ್ನು ನೋಡಿ ನನಗೆ ಹಳೆಯ ಕತೆಯೊಂದು ನೆನಪಾಯಿತು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬ ಜರ್ಮನ್ ಹೆಂಗಸು, ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆ ಕೇಳದೆ ಎಳೆದುಕೊಂಡು, ಇಬ್ಬರು ಗಂಡುಮಕ್ಕಳ ಜೊತೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರ್ ಹೋಗಿದ್ದಳಂತೆ. ಎಣ್ಣೆಯ ನಳಿಗೆ ಕಟ್ಟಿಕೊಂಡರೆ ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದರೆ ಚಮ್ಮಾರನ ಕಡೆ ತೊಗಲು ಹೊಡೆಸಿದಳು. ಆಗ ಡ್ರೈವಿಂಗ್ ಸ್ಕೂಲ್ ಇರಲಿಲ್ಲ, ಮರೆಯುವಂಥದ್ದೂ ಇರಲಿಲ್ಲ. ಪಕ್ಕದಲ್ಲಿ ಗಂಡ ಬೇರೆ ಇರಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಅನುಕೂಲ.

ಹಂಗಾಮಿನಲ್ಲಿ ಸಂಕೇಶ್ವರದ ದಾರಿಯಲ್ಲಿ ಕಲಿಯುವುದು ಅಂದರೆ ಬೇರೆಯದೇ ಪಾಠ. ಗಾಡಿಯ ನಂಬರು ಎಂಎಚ್ 09 ಇರಲಿ, ಕೆಎ 23 ಇರಲಿ, ಎಲ್ಲರೂ ಕಬ್ಬಿನ ಟ್ರಾಲಿಯ ಹಿಂದೆ ಸಮಾನರು. ಟ್ರಾಲಿಗೆ ಹಿಂದಿನ ದೀಪ ಇಲ್ಲದಿದ್ದರೂ ಮುಂದೆ ಹಾಡು ಇದ್ದೇ ಇರುತ್ತದೆ. ಕತ್ತಲಲ್ಲಿ ಕಿವಿಯಿಂದಲೇ ಅಂತರ ಅಳೆಯಬೇಕು. ಎದುರು ಬಂದ ಪ್ರತಿ ಟ್ರ್ಯಾಕ್ಟರಿನವನೂ ಮಾಮಾನಿಗೆ ಗೊತ್ತಿದ್ದವನೇ. ಗೊತ್ತಿದ್ದವರು ಸಿಕ್ಕರೆ ಕೈ ಎತ್ತದಿರುವುದು ಹೇಗೆ? ಎರಡೂ ಕೈ ಎತ್ತುತ್ತಿದ್ದರು.

ಖರೆ ಫಜೀತಿ ಆದದ್ದು ರಿವರ್ಸಿನಲ್ಲಿ. ಕಲಿಕಾ ಲೈಸನ್ಸ್ ಸಿಕ್ಕು 30 ದಿನ ಕಳೆದ ಮೇಲೆ ಪಕ್ಕಾ ಪರೀಕ್ಷೆ. ಅದರಲ್ಲಿ ಕಾರನ್ನು ಹಿಂದಕ್ಕೆ ತಗೊಂಡು ತೋರಿಸಬೇಕು. ಟ್ರಾಲಿ ಹೂಡಿದ ಟ್ರ್ಯಾಕ್ಟರನ್ನು ಹಿಂದೆ ಸರಿಸುವಾಗ ಟ್ರಾಲಿ ಎಡಕ್ಕೆ ಹೋಗಬೇಕೆಂದರೆ ಸ್ಟೇರಿಂಗ್ ಬಲಕ್ಕೆ ತಿರುವಬೇಕು. ಊರ ಹುಡುಗರಿಗೆ ವರ್ಷಗಟ್ಟಲೆ ಹತ್ತದ ಈ ವಿದ್ಯೆ ಮಾಮಾನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಕಾರಿಗೆ ಟ್ರಾಲಿ ಇಲ್ಲ, ಅದು ತಿರುವಿದ ಕಡೆಗೇ ಹೋಗುತ್ತದೆ. ಎಡಕ್ಕೆ ಅಂದರೆ ಮಾಮಾ ಬಲಗಡೆಯ ಗಟಾರಿನ ದಡಕ್ಕೆ ಬರುತ್ತಿದ್ದರು.

ಕಡೆಗೆ ಸರ್ ಒಂದು ಮಂತ್ರ ಕೊಟ್ಟರು. ಪರೀಕ್ಷೆಯ ದಿನ ಮಾಮಾ ಕತ್ತು ಹಿಂದಕ್ಕೆ ತಿರುವಿ, "ಟ್ರಾಲಿ ಇಲ್ಲ, ಟ್ರಾಲಿ ಇಲ್ಲ" ಎಂದು ಜಪಿಸುತ್ತ ಕಾರನ್ನು ಸರಳವಾಗಿ ಹಿಂದೆ ತಂದು ನಿಲ್ಲಿಸಿದರು. ಏನದು ಎಂದು ಪರೀಕ್ಷೆ ಮಾಡುವ ಸಾಹೇಬರು ಮರಾಠಿಯಲ್ಲಿ ಕೇಳಿದರು. ದೇವರ ನಾಮ ಎಂದು ಸರ್ ಮರಾಠಿಯಲ್ಲೇ ಹೇಳಿದರು. ಲೈಸನ್ಸ್ ಬಂತು.

ಮುಂದಿನ ಹಂಗಾಮಿನಲ್ಲಿ ಮಾಮಾ ಸ್ಕೂಲಿನ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ಹಿಂದಿನ ಸಂಜೆ ತಮ್ಮ ಹಿತ್ತಲಲ್ಲೇ ಟ್ರಾಲಿಯನ್ನು ಹಿಂದೆ ಸರಿಸಲು ಹೋಗಿ ಅದನ್ನು ನೇರವಾಗಿ ಮೇವಿನ ಬಣವೆಗೆ ಹೊಗಿಸಿದ್ದರು. ತಿರುವಿದ ಕಡೆಗೇ ಹೋಗುತ್ತದೆ ಅಂತ ತಿರುವಿದ್ದರಂತೆ.

"ಸರ, ನಂಗ ಬರೂದನ್ನ ನೀವ ಕಳದೀರಿ. ಅರ್ಧಾ ಫೀ ವಾಪಸ್ ಕೊಡ್ರಿ."

ಸರ್ ರಶೀದಿ ಪುಸ್ತಕ ತೆಗೆದು ಮುಂದಿಟ್ಟರು. "ಎರಡೂ ನೆಪ್ಪಿರಬೇಕಂದ್ರ ಅದು ಬ್ಯಾರೆ ಕೋರ್ಸ್, ಮಾಮಾ. ಹೆಸರು ಬರೀಲಿ?"