ಡಾರ್ನಿಯರ್ ರಾಯರ ಎಕ್ಸೆಲ್

ನಮ್ಮ ಮುರುಗೇಶಪಾಳ್ಯದ ಬೀದಿಯಲ್ಲಿ ಯಾರಾದರೂ ಟೆಂಪೋದವನಿಗೆ ಫೋನ್ ಮಾಡಬೇಕಾದರೆ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಮಾಡಬೇಕು. ರಾಯರ ಕಿವಿಗೆ ಬಿದ್ದರೆ ಕೆಟ್ಟಿತು. "ಟೆಂಪೋ ಯಾಕ್ರೀ? ದುಡ್ಡು ಹೆಚ್ಚಾಗಿದೆಯಾ? ನನ್ನ ಎಕ್ಸೆಲ್ ಸತ್ತು ಹೋಗಿದೆಯಾ?" ಎನ್ನುತ್ತ ಬನಿಯನ್ನಿನಲ್ಲೇ ಇಳಿದು ಬರುತ್ತಾರೆ. ಕೈಯಲ್ಲಿ ಅಳತೆ ಟೇಪು, ಹೆಗಲ ಮೇಲೆ ಸೈಕಲ್ ಟ್ಯೂಬಿನ ನಾಲ್ಕು ಸೀಳು. ಆಮೇಲೆ ಸಾಮಾನು ನಿಮ್ಮದಾದರೂ ಅದರ ಹಣೆಬರಹ ಅವರದು.

ಆ ಟಿವಿಎಸ್ ಎಕ್ಸೆಲ್ ಮೇಲೆ ರಾಯರು ಹೊತ್ತು ತಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬೀರುವಿನ ಎರಡು ಬಾಗಿಲು. ಹಳೇ ಫ್ರಿಜ್ಜು. ಹನ್ನೆರಡು ಮೆಟ್ಟಿಲಿನ ಬಿದಿರು ಏಣಿ. ಅದರ ಐದನೇ ಮತ್ತು ಆರನೇ ಮೆಟ್ಟಿಲ ನಡುವೆ ಹಿಂದೆ ಕೂತಿದ್ದ ಅವರ ಅಕ್ಕನ ಮಗನ ತಲೆ. ಆಯುಧಪೂಜೆಯ ಹಿಂದಿನ ದಿನ ಬಾಳೆಕಂದು ತರುವಾಗ ಗಾಡಿಯೂ ಕಾಣದು, ರಾಯರೂ ಕಾಣರು. ಹಾರ್ನ್ ಹೊಡೆಯುತ್ತ ತೋಟವೊಂದು ತಾನಾಗಿಯೇ ಬೀದಿಗೆ ಬಂದಂತಿರುತ್ತದೆ.

ಹಾಗೆ ನೋಡಿದರೆ ಈ ಕುಲದವರು ಎಲ್ಲಿಲ್ಲ? ಮಂಡ್ಯದ ಕಡೆ ಸಂಜೆ ಹೊತ್ತು ಹಸಿಹುಲ್ಲಿನ ಹೊರೆಯೊಂದು ಎದುರಿಗೆ ಬರುತ್ತದೆ, ಮಧ್ಯದಲ್ಲಿ ಎರಡು ಕಣ್ಣು ಮಾತ್ರ ಮಿಣಮಿಣ. ರಾಮನಗರದ ಗೂಡಿನ ಮಾರುಕಟ್ಟೆಗೆ ಬೆಳಗಾದರೆ ಚೀಲಗಳೇ ಹ್ಯಾಂಡಲ್ ಹಿಡಿದು ಬಂದಂತೆ ಬರುತ್ತವೆ. ಪ್ಲಾಸ್ಟಿಕ್ ಕೊಡ, ಬಕೆಟ್ಟು, ಮೊರ, ಚೊಂಬು ಮಾರುವವನ ಗಾಡಿಯಂತೂ ಸಾಕ್ಷಾತ್ ತೇರು. ಕೈ ಮುಗಿಯುವುದೊಂದು ಬಾಕಿ. 1980ರಲ್ಲಿ ಹೊಸೂರಿನಿಂದ ಟಿವಿಎಸ್ ಫಿಫ್ಟಿ ಹೊರಬಂದಾಗ, ಇಬ್ಬರು ಕೂರಬಹುದಾದ ಮೊಪೆಡ್ಡು ಎಂಬುದೇ ಅದರ ಹೆಚ್ಚುಗಾರಿಕೆ. ನಮ್ಮ ಜನ ಆ ಎರಡನೆಯವನನ್ನು ಇಳಿಸಿ ಅವನ ಜಾಗದಲ್ಲಿ ಮೂಟೆ ಕೂರಿಸಿದರು. ಈಗಿನ ಎಕ್ಸೆಲ್ ಎಂಜಿನ್ನು 99.7 ಸಿಸಿ, ಗೇರಿನ ರಗಳೆ ಇಲ್ಲ, ಹಿಂದಿನ ಸೀಟು ಕಳಚಿಡಬಹುದು. ಸೀಟು ಕಳಚಿದ ಎಕ್ಸೆಲ್ ಕಂಡರೆ ಈ ಕುಲದವರಿಗೆ, ಖಾಲಿ ಗೋಡೆ ಕಂಡ ಚುನಾವಣಾ ಅಭ್ಯರ್ಥಿಯ ಹಾಗೆ ಕೈ ತುರಿಸುತ್ತದೆ.

ಆದರೆ ಮಿಕ್ಕವರು ಹೊರುವುದು ಹೊಟ್ಟೆಪಾಡಿಗೆ. ನಮ್ಮ ರಾಯರು ಹೊರುವುದು ಸಿದ್ಧಾಂತಕ್ಕೆ.

ರಾಯರು ಎಚ್‌ಎಎಲ್‌ನಲ್ಲಿದ್ದವರು. ಬಹಳ ವರ್ಷ ಕಾನ್ಪುರದ ಘಟಕದಲ್ಲಿ, ಡಾರ್ನಿಯರ್ 228 ಎಂಬ ಪುಟ್ಟ ವಿಮಾನ ತಯಾರಾಗುವ ಜಾಗದಲ್ಲಿ. ಎರಡು ಎಂಜಿನ್ನು, ತಲೆಯ ಮೇಲೆ ರೆಕ್ಕೆ, ಹೆಚ್ಚೆಂದರೆ 19 ಜನ ಪ್ರಯಾಣಿಕರು. ಜರ್ಮನಿಯವರ ವಿನ್ಯಾಸ, ಲೈಸೆನ್ಸು ಪಡೆದು ಇಲ್ಲಿ ಕಟ್ಟಿದ್ದು. ಎಂಬತ್ತರ ದಶಕದಲ್ಲಿ ವಾಯುದೂತ್ ಎಂಬ ವಿಮಾನ ಸಂಸ್ಥೆ ಇದನ್ನು ಹಾರಿಸುತ್ತಿತ್ತು. ಇವತ್ತಿಗೂ ಕರಾವಳಿ ಕಾವಲು ಪಡೆಗೆ ಬೇಕಾದದ್ದು ಇದೇ. 2022ರ ಏಪ್ರಿಲ್ 12ರಂದು ಅಲಯನ್ಸ್ ಏರ್‌ನ ಡಾರ್ನಿಯರ್ ದಿಬ್ರುಗಢದಿಂದ ಪಾಸಿಘಾಟ್‌ಗೆ ಹಾರಿದಾಗ ರಾಯರು ಇಡೀ ಬೀದಿಗೆ ಮೈಸೂರುಪಾಕು ಹಂಚಿದರು. ಯಾರಿಗೂ ಪಾಸಿಘಾಟ್ ಎಲ್ಲಿದೆ ಗೊತ್ತಿರಲಿಲ್ಲ. ಮೊಮ್ಮಗು ಹುಟ್ಟಿರಬೇಕೆಂದುಕೊಂಡು ತಿಂದೆವು.

ಅಲ್ಲಿ ರಾಯರ ಕೆಲಸ ವಿಮಾನ ಹಾರಿಸುವುದಲ್ಲ, ತೂಗುವುದು. ವಿಮಾನವನ್ನು ತೂಗುತ್ತಾರೆಂದು ಅವರನ್ನು ಕಾಣುವವರೆಗೆ ನನಗೆ ತಿಳಿದಿರಲಿಲ್ಲ. ಹ್ಯಾಂಗರಿನ ಬಾಗಿಲು ಮುಚ್ಚಬೇಕಂತೆ, ಫ್ಯಾನು ನಿಲ್ಲಿಸಬೇಕಂತೆ. ಯಾಕೆಂದರೆ ಸ್ವಲ್ಪ ಗಾಳಿಯಾಡಿದರೂ ರೆಕ್ಕೆ ತನ್ನ ಬುದ್ಧಿ ಬಿಡದೆ ಮೇಲಕ್ಕೆಳೆದು ತೂಕ ತಪ್ಪಿಸುತ್ತದೆ. ಒಳಗೆ ಒಂದು ಸ್ಪ್ಯಾನರ್ ಮರೆತಿದ್ದರೆ ಅದೂ ವಿಮಾನದ ತೂಕವೇ ಆಗಿಬಿಡುತ್ತದೆ. ಮೂಗಿನ ಕಡೆ ಎಷ್ಟು, ಎರಡು ಪಕ್ಕದ ಚಕ್ರಗಳ ಕಡೆ ಎಷ್ಟು ಎಂದು ಬೇರೆ ಬೇರೆ ತೂಗಿ, ಭಾರವನ್ನು ದೂರದಿಂದ ಗುಣಿಸಿ, ಇಡೀ ವಿಮಾನದ ಭಾರ ಒಂದೆಡೆ ನಿಂತಂತಾಗುವ ಆ ಬಿಂದುವನ್ನು ಹುಡುಕುತ್ತಾರೆ. ಕಾರ್ಖಾನೆಯವರ ಬಾಯಲ್ಲಿ ಅದು 'ಸಿಜಿ'. ಅದು ತೀರಾ ಹಿಂದಕ್ಕೆ ಸರಿದರೆ ವಿಮಾನ ಮೂಗೆತ್ತಿ ನಿಂತು ಬೀಳುತ್ತದೆ. ತೀರಾ ಮುಂದಕ್ಕೆ ಸರಿದರೆ ಮೂಗೇ ಏಳುವುದಿಲ್ಲ. ದೊಡ್ಡ ವಿಮಾನದಲ್ಲಿ ಒಬ್ಬ ದಪ್ಪಗಿನ ಮನುಷ್ಯ ಎಲ್ಲಿ ಕೂತರೂ ನಡೆದೀತು. ಇಂಥ ಪುಟ್ಟದರಲ್ಲಿ ಹಾಗಲ್ಲ. "ಸಣ್ಣ ವಿಮಾನದಲ್ಲಿ ಪ್ರತಿಯೊಬ್ಬ ಮನುಷ್ಯನಿಗೂ ತೂಕ ಇದೆ ಕಣ್ರೀ" ಎಂದು ರಾಯರು ಹೇಳುವಾಗ ನನಗೆ ಅದು ಬೇರೇನೋ ಅರ್ಥದಲ್ಲಿ ಕೇಳಿ ಸ್ವಲ್ಪ ಹೊತ್ತು ಹಿತವಾಗುತ್ತದೆ.

ನಿವೃತ್ತಿಯಾಗಿ ಬೆಂಗಳೂರಿಗೆ ಬಂದಾಗ ತೂಗಲು ವಿಮಾನವಿರಲಿಲ್ಲ, ಎಕ್ಸೆಲ್ ಸಿಕ್ಕಿತು. ಗಾಡಿಯ ಡಿಕ್ಕಿಯಲ್ಲಿ, ಅಂದರೆ ಸೀಟಿಗೆ ಕಟ್ಟಿದ ಹಳೇ ಟಿಫಿನ್ ಬ್ಯಾಗಿನಲ್ಲಿ, ನೂರು ಪುಟದ ರೂಲ್ಡ್ ನೋಟ್‌ಬುಕ್ ಇಟ್ಟಿದ್ದಾರೆ. ಒಂದು ಪುಟ ನೋಡಿದೆ: "ಗ್ಯಾಸ್ ಸಿಲಿಂಡರ್ ತುಂಬಿದ್ದು, ಎಡಕ್ಕೆ. ಪ್ರತಿಯಾಗಿ ಬಲಕ್ಕೆ ರಾಗಿ ಮೂಟೆ. ರಾಗಿ ಯಾರಿಗೂ ಬೇಕಿಲ್ಲ, ವಾಪಸ್ ಅಂಗಡಿಗೆ." ಸಿಲಿಂಡರ್ ತರಲು ಹೋದವರು ರಾಗಿಯನ್ನು ಸುಮ್ಮನೆ ಊರು ತೋರಿಸಿ ತಂದಿದ್ದರು.

ಖಾಲಿ ಗಾಡಿ ಓಡಿಸುವುದೆಂದರೆ ಅವರಿಗೆ ಮೈಯಲ್ಲಿ ಮುಳ್ಳು. ಖಾಲಿ ಹಾರುವ ವಿಮಾನಕ್ಕೂ ಕೆಲವೊಮ್ಮೆ ಮರಳುಚೀಲ ಹಾಕಿ ಸಮ ಮಾಡುತ್ತಾರಂತೆ. ಅದಕ್ಕೇ ರಾಯರ ಗಾಡಿಯ ಮುಂದೆ, ಕಾಲಿಡುವ ಜಾಗದಲ್ಲಿ, ರುಬ್ಬುವ ಕಲ್ಲಿನ ಗುಂಡು ಒಂದು ಸದಾ ವಿರಾಜಮಾನ. ಒರಳು ಮನೆಯಲ್ಲಿ, ಗುಂಡು ರಸ್ತೆಯಲ್ಲಿ. ಅವರ ಮನೆಯವರು ಮಿಕ್ಸಿ ಕೊಂಡದ್ದು ಆಧುನಿಕತೆಯ ಆಸೆಯಿಂದಲ್ಲ.

ಒಮ್ಮೆ ಪೊಲೀಸಪ್ಪ ಅಡ್ಡಹಾಕಿದನಂತೆ. 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಮಿನ ಪ್ರಕಾರ ಓಡಿಸುವವನ ಜೊತೆ ಇನ್ನೊಬ್ಬನೇ ಕೂರಬೇಕು ಎಂದು ಅವನು ಶುರುಮಾಡುವಷ್ಟರಲ್ಲಿ ರಾಯರು, "ಆ ಇನ್ನೊಬ್ಬನೂ ಇಲ್ಲವಲ್ಲ ಸಾರ್, ಬರೀ ಹಲಸಿನಹಣ್ಣು" ಎಂದರು. ಅವನು ಎಣಿಸಿದ. ಹನ್ನೊಂದಿದ್ದವು. ಹನ್ನೊಂದನೆಯದನ್ನು ಅಲ್ಲೇ ಇಳಿಸಿಕೊಂಡು ಬಿಟ್ಟ.

ರಾಯರ ಮಟ್ಟಿಗೆ ಜಗತ್ತಿನಲ್ಲಿ ಎರಡೇ ಯಂತ್ರಗಳು. ಒಂದು ಎಕ್ಸೆಲ್. ಇನ್ನೊಂದು, ಆಶ್ಚರ್ಯವೆಂದರೆ ಡಾರ್ನಿಯರ್ ಅಲ್ಲ, ಕೆನಡಾದ ಟ್ವಿನ್ ಓಟರ್. ಡಾರ್ನಿಯರ್ ಸ್ವಂತ ಮಗಳು, ಹೊಗಳಬಾರದು. ಟ್ವಿನ್ ಓಟರ್ ನೆರೆಮನೆಯ ಜಾಣ ಹುಡುಗಿ. 1965ರಲ್ಲಿ ಮೊದಲು ಹಾರಿದ್ದು. ಚಕ್ರ ಒಳಗೆ ಎಳೆದುಕೊಳ್ಳುವ ವಯ್ಯಾರವಿಲ್ಲ, ಇಳಿಯಲು ಗದ್ದೆಯಷ್ಟು ಜಾಗ ಸಾಕು. ನೇಪಾಳದ ಲುಕ್ಲಾದಲ್ಲಿ 527 ಮೀಟರ್ ರನ್‌ವೇ, ಅದೂ ಛಾವಣಿಯಂತೆ ಇಳಿಜಾರು. ಅಲ್ಲಿಗೆ ಅಕ್ಕಿಮೂಟೆ, ಮನುಷ್ಯರು ಎಲ್ಲ ಒಟ್ಟಿಗೆ. "ಅದು ಆಕಾಶದ ಎಕ್ಸೆಲ್ ಕಣ್ರೀ" ಎನ್ನುವಾಗ ರಾಯರ ಗಂಟಲು ಕಟ್ಟುತ್ತದೆ. ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಐಲ್ಯಾಂಡರ್ ಎಂಬ ಇನ್ನೊಂದು ಜೋಡಿ ಎಂಜಿನ್ನಿನ ಪುಟ್ಟ ವಿಮಾನ ಹೋಗುತ್ತದಂತೆ, ದೂರ 2.7 ಕಿಲೋಮೀಟರು, ಪ್ರಯಾಣ 2 ನಿಮಿಷ. ಇಲ್ಲಿಂದ ದೊಮ್ಮಲೂರಿಗೆ ಸುಮಾರು ಅಷ್ಟೇ ದೂರ. ಸಂಜೆ ಆರಕ್ಕೆ ಹೊರಟರೆ ನಮಗೆ ಮುಕ್ಕಾಲು ಗಂಟೆ ಬೇಕು.

ಇಷ್ಟೆಲ್ಲ ಹೇಳುವ ರಾಯರು ಎಷ್ಟು ಸಲ ಹಾರಿದ್ದೀರಿ ಎಂದರೆ, "ಒಂದೇ ಸಲ. ಅದೂ ದೊಮ್ಮಲೂರು ಫ್ಲೈಓವರ್ ಮೇಲೆ" ಎನ್ನುತ್ತಾರೆ. ಎಂಟು ಅಡಿ ನಾಲ್ಕು ಅಡಿಯ ಪ್ಲೈವುಡ್ ಹಾಳೆ ತರುತ್ತಿದ್ದರು. ತುಂತುರು ಮಳೆ. ಅಕ್ಕನ ಮಗ ಅದನ್ನು ಇಬ್ಬರ ತಲೆಯ ಮೇಲೂ ಚಪ್ಪರದಂತೆ ಅಡ್ಡ ಹಿಡಿದ. ಬುದ್ಧಿವಂತ ಹುಡುಗ ಎಂದು ರಾಯರೂ ಸುಮ್ಮನಾದರು. ಫ್ಲೈಓವರಿನ ನೆತ್ತಿಗೆ ಬರುವಷ್ಟರಲ್ಲಿ ಎದುರುಗಾಳಿ ಬೀಸಿತು. ಮೂವತ್ತೆರಡು ಚದರಡಿ, ತಲೆಯ ಮೇಲೆ, ಮುಂದಂಚು ಚೂರು ಮೇಲಕ್ಕೆ. ಜೀವಮಾನವೆಲ್ಲ ರೆಕ್ಕೆಯ ಕೆಳಗೆ ಕೆಲಸ ಮಾಡಿದವರಿಗೆ ತಾವು ಹಿಡಿಸಿದ್ದು ರೆಕ್ಕೆ ಎಂಬುದು ಹೊಳೆದದ್ದು ಆಗ. "ಸೀಟಿನಿಂದ ನಾಲ್ಕು ಬೆರಳು ಎದ್ವಿ" ಎನ್ನುತ್ತಾರೆ ರಾಯರು. ಹುಡುಗ ಹೇಳುವಂತೆ ಎದ್ದದ್ದು ಅವನೊಬ್ಬನೇ. ಹಾಳೆ ಕೈಬಿಟ್ಟು ಹೋಗಿ ತಡೆಗೋಡೆಗೆ ಒರಗಿಕೊಂಡಿತು. ಹುಡುಗ ಅಂದಿನಿಂದ ಆಟೋದಲ್ಲಿ ಓಡಾಡುತ್ತಾನೆ.

ಎಕ್ಸೆಲ್ ಮೇಲೆ ಮೇಕೆ ತಂದ ಪ್ರಸಂಗ ಚಿಕ್ಕದು. ಹಿಂದಿನ ಬೀದಿಯವರ ಮನೆ ದೇವರ ಹರಕೆಗೆ ತಂದುಕೊಟ್ಟರು. "ನಾನು ತಿನ್ನಲ್ಲ, ಬ್ಯಾಲೆನ್ಸ್ ಮಾತ್ರ ಮಾಡ್ತೀನಿ" ಎಂಬ ಷರತ್ತಿನ ಮೇಲೆ. ದಾರಿಯಲ್ಲಿ ಸೊಪ್ಪಿನ ಗಾಡಿ ಕಂಡು ಮೇಕೆ ತಿರುಗಿತು, ಸಿಜಿಯೂ ತಿರುಗಿತು. ನೋಟ್‌ಬುಕ್ಕಿನಲ್ಲಿ ಆ ದಿನದ ಟಿಪ್ಪಣಿ: "ಚಲಿಸುವ ಸರಕು ಇನ್ನು ಬೇಡ." ಕೆಳಗೆ ಎರಡು ಗೆರೆ.

ಆ ಮೇಲೂ ನಾನು ಅವರ ಹಿಂದೆ ಕೂತೆನಲ್ಲ, ನನ್ನದೇ ತಪ್ಪು.

ಕೆ.ಆರ್. ಪುರದಲ್ಲಿ ಅವರ ತಂಗಿಯ ಮನೆ ಗೃಹಪ್ರವೇಶ, ನನಗೂ ಕರೆಯಿತ್ತು. "ಬನ್ನಿ, ಹೇಗೂ ಹೋಗ್ತಿದ್ದೀನಲ್ಲ" ಎಂದರು. ಗಾಡಿಯ ಮುಂದೆ 25 ಕೆಜಿ ಅಕ್ಕಿಮೂಟೆ, ಅದರ ಮೇಲೆ ರುಬ್ಬುಗುಂಡು. ಹಿಂದಿನ ಕ್ಯಾರಿಯರಿಗೆ ಅನ್ನದ ದೊಡ್ಡ ಕೊಳಗ, ಕೊಳಗದೊಳಗೆ ಬಾಳೆಗೊನೆ. ನಡುವೆ ಒಂದು ಗೇಣು ಜಾಗ, ಅದು ನನ್ನದು. ರಾಯರು ನೋಟ್‌ಬುಕ್ ತೆರೆದು ಪೆನ್ಸಿಲ್ ನಾಲಿಗೆಗೆ ಮುಟ್ಟಿಸಿ ಕೇಳಿದರು:

"ನಿಮ್ಮ ತೂಕ?"

"ಅರವತ್ತೆಂಟು" ಅಂದೆ.

ಅದು ಪೂರ್ತಿ ಸುಳ್ಳಲ್ಲ. ಮದುವೆಯ ಹೊತ್ತಿಗೆ ಅಷ್ಟಿದ್ದೆ. ರಾಯರು ಬರೆದುಕೊಂಡು ಗುಣಿಸಿ, ಕೊಳಗವನ್ನು ಎರಡಂಗುಲ ಹಿಂದಕ್ಕೆ ಸರಿಸಿ ಬಿಗಿದರು. ಹೊರಟೆವು.

ಬೀದಿ ಕೊನೆಯಲ್ಲೊಂದು ಏರು, ಏರಿನ ಮೇಲೆ ಹಂಪು. ಅಲ್ಲಿ ಎಕ್ಸೆಲ್ ಒಂದು ಕ್ಷಣ ಮುಂದಿನ ಚಕ್ರವನ್ನು ನಮಸ್ಕಾರಕ್ಕೆಂಬಂತೆ ಎತ್ತಿತು. ನನ್ನ ಬೆನ್ನಿಗೆ ಕೊಳಗದ ಬಾಯಿ ಒತ್ತಿತು. ರಾಯರು ಬೈಯಲಿಲ್ಲ. ಗಾಡಿ ನಿಲ್ಲಿಸಿ, ಇಳಿದು, ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ್ದರ ದುಃಖವಿತ್ತು.

"ಸಿಜಿ ಹಿಂದೆ ಹೋಗಿದೆ. ಬನ್ನಿ ಹೀಗೆ."

ಮೂಲೆಯಲ್ಲಿ ಗುಜರಿ ಅಂಗಡಿ. ಹಳೇ ಪೇಪರು, ತಗಡು, ಮುರಿದ ಟೇಬಲ್ ಫ್ಯಾನುಗಳ ನಡುವೆ ಪ್ಲಾಟ್‌ಫಾರಂ ತೂಕದ ಯಂತ್ರ. "ಅದರ ಮೇಲೆ ನಿಲ್ಲಿ" ಎಂದರು. ನಿಂತೆ. ಅಂಕಿ ಬರುವ ಮುಂಚೆಯೇ, "ತಡೀರಿ" ಎಂದು ಅಂಗಡಿಯವನಿಗೆ ಫ್ಯಾನ್ ಆಫ್ ಮಾಡಲು ಹೇಳಿದರು. ಅವನು ಮಾಡಿದ. ಷಟರನ್ನು ಅರ್ಧ ಎಳೆಸಿದರು. ನನ್ನ ಜೇಬಿನ ಮೊಬೈಲು, ಬೀಗದ ಕೈ, ಕೊನೆಗೆ ಮುಯ್ಯಿಯ ಕವರನ್ನೂ ತೆಗೆಸಿದರು. ಕತ್ತಲೆ, ಸೆಕೆ, ಹಳೇ ಪೇಪರಿನ ವಾಸನೆ. ಮೂವರೂ ಉಸಿರು ಬಿಗಿಹಿಡಿದು ಕೆಂಪು ಅಂಕಿಗಳನ್ನೇ ನೋಡುತ್ತ ನಿಂತೆವು. 82.5ಕ್ಕೆ ಬಂದು ನಿಂತಿತು.

ಗುಜರಿಯವನು ಅಭ್ಯಾಸಬಲದಿಂದ ಚೀಟಿ ತೆಗೆದು ಕೇಳಿದ: "ಕಬ್ಬಿಣಕ್ಕೆ ಹಾಕ್ಲಾ ಸಾರ್, ಪ್ಲಾಸ್ಟಿಕ್‌ಗಾ?"

"ಹದಿನಾಲ್ಕೂವರೆ ಕೆಜಿ ಸುಳ್ಳು" ಎಂದರು ರಾಯರು ಮೆಲ್ಲಗೆ. "ಒಂದು ಸಿಲಿಂಡರಿನ ಗ್ಯಾಸು, ಮೇಲೆ ಮುನ್ನೂರು ಗ್ರಾಂ. ಆಸ್ಪತ್ರೇಲಿ ಸುಳ್ಳು ಹೇಳಿ, ಮದುವೆ ಮಾತುಕತೇಲಿ ಹೇಳಿ, ನಡೀತದೆ. ಲೋಡ್ ಶೀಟಲ್ಲಿ ಹೇಳಬಾರದು ಸ್ವಾಮಿ."

ನೋಟ್‌ಬುಕ್ಕಿನಲ್ಲಿ 68ರ ಮೇಲೆ ಅಡ್ಡಗೆರೆ ಎಳೆದು ಹೊಸದಾಗಿ ಗುಣಿಸಿದರು. ಕೊಳಗ ಮುಂದೆ, ಅಕ್ಕಿ ಹಿಂದೆ. ಅಕ್ಕಿ ನಡುವೆ, ನಾನು ಹಿಂದೆ. ನಾನು ಕೊಳಗದೊಳಗೆ, ಬಾಳೆಗೊನೆ ಕೈಯಲ್ಲಿ. ಯಾವುದೂ ಕೂಡಿಬರಲಿಲ್ಲ. ಕೊನೆಗೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ತೀರ್ಪು ಕೊಟ್ಟರು.

"ಆಫ್‌ಲೋಡ್ ಮಾಡಬೇಕಾಗ್ತದೆ."

"ಅಕ್ಕೀನಾ?"

"ಅಕ್ಕಿ ಇಲ್ದೆ ಗೃಹಪ್ರವೇಶ ಆಗ್ತದೇನ್ರೀ? ನಿಮ್ಮನ್ನ."

ಇಳಿದ ಮೇಲೆ ಇನ್ನೊಂದು ತೊಡಕು. ನಾನಿಲ್ಲದೆ ಈಗ ಗಾಡಿಯ ಮೂಗು ಭಾರವಾಯಿತು. ಮುಂದಿನಿಂದ ಏನಾದರೂ ತೆಗೆಯಲೇಬೇಕು. ಅಕ್ಕಿ ತೆಗೆಯುವಂತಿಲ್ಲ. ರಾಯರು ರುಬ್ಬುಗುಂಡನ್ನು ಮಗುವಿನಂತೆ ಎತ್ತಿ ನನ್ನ ಕೈಗಿಟ್ಟರು. "ಬರುವಾಗ ಗಾಡಿ ಖಾಲಿ ಇರ್ತದೆ, ಆಗ ಇದು ಬೇಕೇ ಬೇಕು. ಮರೀದೆ ತನ್ನಿ" ಎಂದು ಹೇಳಿ, ಕೊಳಗ ಗಣಗಣ ಅನ್ನಿಸುತ್ತ ಹೊರಟೇಹೋದರು. ಹಂಪಿನ ಮೇಲೆ ಎಕ್ಸೆಲ್ ಕಿಂಚಿತ್ತೂ ಅಲುಗಲಿಲ್ಲ.

ಬಸ್ಸಿನಲ್ಲಿ ರೇಷ್ಮೆ ಜುಬ್ಬಾ ತೊಟ್ಟು, ತೊಡೆಯ ಮೇಲೆ ಗುಂಡುಕಲ್ಲು ಇಟ್ಟುಕೊಂಡು ಕೂತೆ. ಕಂಡಕ್ಟರ್ ಬಂದು ಒಂದು ನಿಮಿಷ ನೋಡಿದ.

"ಎಷ್ಟು ಕೆಜಿ?"

ಇನ್ನು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. "ಎಂಬತ್ತೆರಡೂವರೆ" ಅಂದೆ.

"ಕಲ್ಲಿಂದು ಕೇಳಿದ್ದು ಸಾರ್."